ಉಕ್ಕಿನ ಫಲಕ ಅಂಟಿಸಿ ಕಾಂಕ್ರೀಟ್ ತೊಲೆಗಳನ್ನು ಬಲಪಡಿಸುವಿಕೆ

ಉಕ್ಕಿನ ಫಲಕ ಅಂಟಿಸಿ ಕಾಂಕ್ರೀಟ್ ತೊಲೆಗಳನ್ನು ಬಲಪಡಿಸುವಿಕೆ ಎಂಬುದು ಈಗಾಗಲೇ ಬಳಕೆಯಲ್ಲಿರುವ ಪ್ರಬಲಿತ ಕಾಂಕ್ರೀಟ್ ತೊಲೆಯ ಹೊರಮೈಗೆ ತೆಳುವಾದ ಉಕ್ಕಿನ ಫಲಕವನ್ನು ಎಪಾಕ್ಸಿ ಅಂಟಿನಿಂದ ಬೆಸೆದು ಅದರ ಹೊರೆ ಹೊರುವ ಸಾಮರ್ಥ್ಯವನ್ನು ಹೆಚ್ಚಿಸುವ ವಿಧಾನ. 1960ರ ದಶಕದಲ್ಲಿ ಫ್ರಾನ್ಸ್ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಆರಂಭವಾದ ಈ ವಿಧಾನವು ಮುಂದೆ ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್ ಮೊದಲಾದ ದೇಶಗಳಲ್ಲಿ ಸೇತುವೆ ಮತ್ತು ಕಟ್ಟಡಗಳ ದುರಸ್ತಿಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ತೊಲೆಯ ಗಾತ್ರವನ್ನು ಹೆಚ್ಚು ಬದಲಿಸದೆ, ಕಟ್ಟಡದ ಬಳಕೆಯನ್ನು ಬಹುಕಾಲ ನಿಲ್ಲಿಸದೆ ಕೆಲಸ ಮುಗಿಸಬಹುದಾದುದು ಇದರ ಮುಖ್ಯ ಅನುಕೂಲ. ಫಲಕದ ಬಲವೆಲ್ಲ ಒಂದೆರಡು ಮಿಲಿಮೀಟರು ದಪ್ಪದ ಅಂಟಿನ ಪದರವನ್ನೂ ಅದರ ಹಿಂದಿನ ಹಳೆಯ ಕಾಂಕ್ರೀಟಿನ ತೆಳು ಹೊದಿಕೆಯನ್ನೂ ಅವಲಂಬಿಸಿರುವುದು ಇದರ ಮುಖ್ಯ ಮಿತಿ.

ಕಲಬುರಗಿ ಜಿಲ್ಲೆಯ ಕುರಕುಂಟಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನೊಳಗೊಂಡ ಸಿಮೆಂಟ್ ಉದ್ಯಮದ ಪ್ರದೇಶದಲ್ಲಿ ಅರ್ಧ ಶತಮಾನ ದಾಟಿದ ಕಾಂಕ್ರೀಟ್ ರಚನೆಗಳಿವೆ. ಬೇಸಿಗೆಯ ಬಿಸಿ, ಧೂಳು ಮತ್ತು ಯಂತ್ರಗಳ ಅದುರಾಟ ಇರುವ ಇಂತಹ ಪ್ರದೇಶದಲ್ಲಿ ಈ ವಿಧಾನದ ಗುಣ ಮತ್ತು ದೋಷಗಳೆರಡಕ್ಕೂ ವಿಶೇಷ ಮಹತ್ವವಿದೆ.

## ತತ್ತ್ವ

ಎರಡು ತುದಿಗಳಲ್ಲಿ ಆಧಾರ ಪಡೆದ ತೊಲೆಯ ಮೇಲೆ ಹೊರೆ ಬಿದ್ದಾಗ ಅದು ಕೆಳಮುಖವಾಗಿ ಬಾಗುತ್ತದೆ. ಆಗ ಮೇಲಿನ ಭಾಗ ಅದುಮಲ್ಪಡುತ್ತದೆ, ಕೆಳಗಿನ ಭಾಗ ಎಳೆತಕ್ಕೆ ಒಳಗಾಗುತ್ತದೆ. ಕಾಂಕ್ರೀಟು ಅದುಮುವಿಕೆಯನ್ನು ಚೆನ್ನಾಗಿ ತಾಳಿಕೊಂಡರೂ ಎಳೆತವನ್ನು ತಾಳದು. ಆದ್ದರಿಂದ ತೊಲೆಯ ಕೆಳಭಾಗದಲ್ಲಿ ಉಕ್ಕಿನ ಕಂಬಿಗಳನ್ನು ಇಟ್ಟು ಕಾಂಕ್ರೀಟು ತುಂಬಲಾಗುತ್ತದೆ. ಎಳೆತವನ್ನು ಈ ಕಂಬಿಗಳು ಹೊರುತ್ತವೆ.

ತೊಲೆಯೊಳಗಿನ ಕಂಬಿಗಳನ್ನು ನಂತರ ಹೆಚ್ಚಿಸುವುದು ಸಾಧ್ಯವಿಲ್ಲ. ಹೊರಗಿನಿಂದ ಕೆಳಮೈಗೆ ಬೆಸೆದ ಉಕ್ಕಿನ ಫಲಕವು ಹೆಚ್ಚುವರಿ ಕಂಬಿಗಳ ಕೆಲಸ ಮಾಡುತ್ತದೆ. ಫಲಕವು ಕಂಬಿಗಳಿಗಿಂತಲೂ ಕೆಳಗಿರುವುದರಿಂದ ಅದಕ್ಕೆ ಸಿಗುವ ಸನ್ನೆಯ ತೋಳು ಉದ್ದವಾಗಿರುತ್ತದೆ, ಅಷ್ಟೇ ತೂಕದ ಉಕ್ಕಿನಿಂದ ತುಸು ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಸಾಮರ್ಥ್ಯದೊಂದಿಗೆ ತೊಲೆಯ ಬಿಗಿತವೂ ಹೆಚ್ಚುತ್ತದೆ; ಬಾಗು ಕಡಿಮೆಯಾಗಿ ಬಿರುಕುಗಳ ಅಗಲ ಕಿರಿದಾಗುತ್ತದೆ.

ಒಳಗಿನ ಕಂಬಿಗೆ ಸುತ್ತಲೂ ಕಾಂಕ್ರೀಟಿನ ಹಿಡಿತವಿರುತ್ತದೆ. ಹೊರಗಿನ ಫಲಕಕ್ಕೆ ಹಿಡಿತವಿರುವುದು ಒಂದೇ ಮುಖದಲ್ಲಿ. ಫಲಕದಲ್ಲಿ ಉಂಟಾಗುವ ಎಳೆತವೆಲ್ಲವೂ ಅಂಟಿನ ಮೂಲಕ, ಅಲ್ಲಿಂದ ಕಂಬಿಗಳ ಕೆಳಗಿರುವ ಕಾಂಕ್ರೀಟ್ ಹೊದಿಕೆಯ ಮೂಲಕ ತೊಲೆಗೆ ಸಾಗಬೇಕು. ಸರಿಯಾಗಿ ಬೆರೆಸಿ ಗಟ್ಟಿಯಾದ ಎಪಾಕ್ಸಿಯು ಸಾಮಾನ್ಯ ಕಾಂಕ್ರೀಟಿಗಿಂತ ಎಳೆತದಲ್ಲಿ ಬಲವಾದುದು. ಹೀಗಾಗಿ ಉತ್ತಮವಾಗಿ ಮಾಡಿದ ಕೆಲಸದಲ್ಲಿ ಮೊದಲು ಸೋಲುವುದು ಅಂಟಲ್ಲ, ಅಂಟು ಹಿಡಿದಿರುವ ಕಾಂಕ್ರೀಟು. ಹಳೆಯ ಕಾಂಕ್ರೀಟು ಎಷ್ಟು ಗಟ್ಟಿಯೋ ಬಲಪಡಿಸುವಿಕೆಯೂ ಅಷ್ಟೇ ಗಟ್ಟಿ ಎಂಬ ಸೂತ್ರ ಇದರಿಂದಲೇ ಬಂದಿದೆ.

## ಇತಿಹಾಸ

1964ರ ಸುಮಾರಿಗೆ ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ವಸತಿ ಕಟ್ಟಡವೊಂದರಲ್ಲಿ, ನಿರ್ಮಾಣದ ಸಮಯದಲ್ಲಿ ಕೆಲವು ಕಂಬಿಗಳು ಬಿಟ್ಟುಹೋಗಿದ್ದ ತೊಲೆಗಳಿಗೆ ಉಕ್ಕಿನ ಫಲಕಗಳನ್ನು ಅಂಟಿಸಲಾಯಿತು. ಇದನ್ನು ಈ ವಿಧಾನದ ಮೊದಲ ಬಳಕೆಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ. 1967ರಲ್ಲಿ ಫ್ರಾನ್ಸಿನ ಎಲ್'ಎರ್ಮಿತ್ ಮತ್ತು ಬ್ರೆಸನ್ ಅವರು ಅಂಟಿಸಿದ ಉಕ್ಕಿನಿಂದ ಬಲಗೊಂಡ ಕಾಂಕ್ರೀಟಿನ ಬಗ್ಗೆ ಪ್ರಕಟಿಸಿದ ಅಧ್ಯಯನವು ವಿಧಾನಕ್ಕೆ ವೈಜ್ಞಾನಿಕ ತಳಹದಿ ಒದಗಿಸಿತು.

1970ರ ದಶಕದಲ್ಲಿ ಜಪಾನಿನಲ್ಲಿ ಭಾರಿ ವಾಹನಗಳಿಂದ ಬಿರುಕುಬಿಟ್ಟ ಹೆದ್ದಾರಿ ಸೇತುವೆಗಳ ಹಾಸುಗಳಿಗೆ ಫಲಕ ಅಂಟಿಸಲಾಯಿತು. ಬ್ರಿಟನ್ನಿನಲ್ಲಿ ಅದೇ ದಶಕದ ನಡುವಿನಲ್ಲಿ ಎಂ5 ಹೆದ್ದಾರಿಯ ಕ್ವಿಂಟನ್ ಸೇತುವೆಗಳನ್ನು ಈ ಕ್ರಮದಿಂದ ಬಲಪಡಿಸಲಾಯಿತು. ಅಲ್ಲಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯವು ಫಲಕ ಅಂಟಿಸಿದ ತೊಲೆಗಳನ್ನು ವರ್ಷಗಟ್ಟಲೆ ಬಯಲಿನಲ್ಲಿಟ್ಟು ಪರೀಕ್ಷಿಸಿ, ಅಂಟಿನ ಅಂಚಿನಲ್ಲಿ ಉಕ್ಕು ತುಕ್ಕು ಹಿಡಿಯುವ ಸಾಧ್ಯತೆಯನ್ನು ತೋರಿಸಿಕೊಟ್ಟಿತು.

1980ರ ದಶಕದಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದ ಆರ್. ಎನ್. ಸ್ವಾಮಿ, ಆರ್. ಜೋನ್ಸ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು ಫಲಕದ ದಪ್ಪ, ಅಗಲ ಹಾಗೂ ತುದಿಯ ಬಂಧನ ಕುರಿತ ಇಂದಿನ ತಿಳಿವಳಿಕೆಗೆ ಆಧಾರವಾಗಿವೆ. 1994ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ಅಂಟಿಸಿದ ಫಲಕಗಳಿಂದ ಹೆದ್ದಾರಿ ರಚನೆಗಳನ್ನು ಬಲಪಡಿಸುವ ಬಗ್ಗೆ ಬಿಎ 30/94 ಎಂಬ ಸಲಹಾ ಟಿಪ್ಪಣಿಯನ್ನು ಹೊರಡಿಸಿತು. ಅಷ್ಟರಲ್ಲಿ ಉಕ್ಕಿನ ಸ್ಥಾನವನ್ನು ಇಂಗಾಲದ ಎಳೆಗಳ ಪಟ್ಟಿಗಳು ಆಕ್ರಮಿಸತೊಡಗಿದ್ದವು.

## ಪೂರ್ವ ತಪಾಸಣೆ

ಬಲಪಡಿಸುವ ಅಗತ್ಯವು ಹಲವು ಕಾರಣಗಳಿಂದ ಉಂಟಾಗಬಹುದು: ಹೊಸ ಯಂತ್ರ ಅಥವಾ ಮಹಡಿಯಿಂದ ಹೊರೆ ಹೆಚ್ಚುವುದು, ವಿನ್ಯಾಸ ಅಥವಾ ನಿರ್ಮಾಣದಲ್ಲಿ ಕಂಬಿಗಳು ಕಡಿಮೆಯಾಗಿರುವುದು, ಗೋಡೆ ಅಥವಾ ಕಂಬ ತೆಗೆದು ತೊಲೆಯ ವ್ಯಾಪ್ತಿ ಬದಲಾಗುವುದು, ಕಟ್ಟಡದ ಬಳಕೆಯೇ ಬದಲಾಗುವುದು. ಇವುಗಳಲ್ಲಿ ಯಾವುದೇ ಇದ್ದರೂ ಮೊದಲ ಹೆಜ್ಜೆ ತೊಲೆಯ ಸ್ಥಿತಿಯನ್ನು ಅರಿಯುವುದು.

ಮೂಲ ನಕ್ಷೆಗಳು ದೊರೆಯದಿದ್ದಲ್ಲಿ ಕಂಬಿ ಪತ್ತೆಯಂತ್ರದಿಂದ ಕಂಬಿಗಳ ಸ್ಥಾನ ಗುರುತಿಸಿ, ಒಂದೆರಡು ಕಡೆ ಹೊದಿಕೆ ಒಡೆದು ಅವುಗಳ ವ್ಯಾಸವನ್ನೂ ಬಗೆಯನ್ನೂ ಖಚಿತಪಡಿಸಿಕೊಳ್ಳಲಾಗುತ್ತದೆ. ಕಾಂಕ್ರೀಟಿನ ಗುಣವನ್ನು ರೀಬೌಂಡ್ ಹ್ಯಾಮರ್, ಶ್ರವಣಾತೀತ ತರಂಗದ ವೇಗ ಹಾಗೂ ಕೊರೆದು ತೆಗೆದ ಸಿಲಿಂಡರಿನ ಪರೀಕ್ಷೆಗಳಿಂದ ಅಳೆಯಲಾಗುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದಾಗ ನಸುಗೆಂಪು ಬಣ್ಣ ಬಾರದ ಭಾಗವು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಕ್ಷಾರಗುಣ ಕಳೆದುಕೊಂಡಿದೆ ಎಂದರ್ಥ. ಅದು ಕಂಬಿಯ ಆಳಕ್ಕೆ ತಲುಪಿದ್ದರೆ ತುಕ್ಕಿನ ಅಪಾಯವಿದೆ.

ಈ ವಿಧಾನಕ್ಕೆ ವಿಶಿಷ್ಟವಾದುದು ಕೀಳುವ ಪರೀಕ್ಷೆ. ಸಿದ್ಧಪಡಿಸಿದ ಕಾಂಕ್ರೀಟ್ ಮೈಗೆ ಲೋಹದ ಬಿಲ್ಲೆಯನ್ನು ಅಂಟಿಸಿ ನೇರವಾಗಿ ಎಳೆದು ಅದು ಕಿತ್ತುಬರುವ ಬಲವನ್ನು ಅಳೆಯುತ್ತಾರೆ. ಪ್ರತಿ ಚದರ ಮಿಲಿಮೀಟರಿಗೆ ಸುಮಾರು 1.5 ನ್ಯೂಟನ್‌ಗಿಂತ ಕಡಿಮೆ ಬಲಕ್ಕೆ ಕಾಂಕ್ರೀಟೇ ಕಿತ್ತುಬಂದರೆ ಆ ಮೈ ಫಲಕ ಅಂಟಿಸಲು ತಕ್ಕುದಲ್ಲವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ.

ಒಳಗಿನ ಕಂಬಿಗಳು ತುಕ್ಕು ಹಿಡಿಯುತ್ತಿರುವ ತೊಲೆಗೆ ಫಲಕ ಅಂಟಿಸುವುದು ದುರಸ್ತಿಯಲ್ಲ. ತುಕ್ಕು ಉಬ್ಬಿ ಹೊದಿಕೆಯನ್ನು ಒಡೆಯುತ್ತದೆ, ಹೊದಿಕೆಯೊಂದಿಗೆ ಫಲಕವೂ ಕಳಚುತ್ತದೆ. ಅಷ್ಟರವರೆಗೆ ಬಿರುಕುಗಳನ್ನು ಫಲಕವು ಕಣ್ಣಿಗೆ ಕಾಣದಂತೆ ಮುಚ್ಚಿಟ್ಟಿರುತ್ತದೆ. ಇಂತಹ ತೊಲೆಗಳಲ್ಲಿ ಮೊದಲು ತುಕ್ಕಿನ ಕಾರಣ ನಿವಾರಿಸಿ, ಹಾಳಾದ ಕಾಂಕ್ರೀಟನ್ನು ತೆಗೆದು ಹೊಸದಾಗಿ ತುಂಬಬೇಕು.

## ವಿನ್ಯಾಸ

ವಿನ್ಯಾಸದ ಲೆಕ್ಕವು ಸಾಮಾನ್ಯ ಪ್ರಬಲಿತ ಕಾಂಕ್ರೀಟ್ ತೊಲೆಯ ಲೆಕ್ಕದಂತೆಯೇ ಇದ್ದು, ಫಲಕವನ್ನು ಕಂಬಿಗಳ ಎರಡನೆಯ ಪದರವೆಂದು ಭಾವಿಸಲಾಗುತ್ತದೆ. ಭಾರತೀಯ ಮಾನಕ ಐಎಸ್ 456:2000ರ ಸೂತ್ರಗಳನ್ನು ಅನುಸರಿಸಿದ ಒಂದು ಉದಾಹರಣೆ ಹೀಗಿದೆ.

230 ಮಿ.ಮೀ. ಅಗಲ, 450 ಮಿ.ಮೀ. ಎತ್ತರದ ತೊಲೆಯಲ್ಲಿ ಮೇಲ್ಮೈಯಿಂದ 410 ಮಿ.ಮೀ. ಆಳದಲ್ಲಿ 16 ಮಿ.ಮೀ. ವ್ಯಾಸದ ಮೂರು ಕಂಬಿಗಳಿವೆ. ಕಾಂಕ್ರೀಟು ಎಂ20, ಕಂಬಿ ಎಫ್‌ಇ 415 ದರ್ಜೆಯದು. ಕಂಬಿಗಳ ಒಟ್ಟು ವಿಸ್ತೀರ್ಣ 603 ಚದರ ಮಿ.ಮೀ.; ಅವು ಹೊರುವ ವಿನ್ಯಾಸ ಎಳೆತ ಸುಮಾರು 218 ಕಿಲೋನ್ಯೂಟನ್. ಬೆಂಡಿಂಗ್ ಮೊಮೆಂಟ್ ಎಂದು ಕರೆಯಲಾಗುವ ಬಾಗಿಸುವ ಬಲವನ್ನು ಈ ತೊಲೆ ತಾಳಿಕೊಳ್ಳುವ ಗರಿಷ್ಠ ಮಟ್ಟ ಸುಮಾರು 77 ಕಿಲೋನ್ಯೂಟನ್ ಮೀಟರ್.

ಕೆಳಮೈಗೆ 150 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ಫಲಕ ಅಂಟಿಸಿದಾಗ ಅದು ಇನ್ನೂ ಸುಮಾರು 98 ಕಿಲೋನ್ಯೂಟನ್ ಎಳೆತ ಹೊರುತ್ತದೆ. ಸಾಮರ್ಥ್ಯವು ಸುಮಾರು 108 ಕಿಲೋನ್ಯೂಟನ್ ಮೀಟರಿಗೆ, ಅಂದರೆ ಶೇಕಡಾ 40ರಷ್ಟು ಏರುತ್ತದೆ. ಇದಕ್ಕೆ ಬೇಕಾದ ಉಕ್ಕು ಮೀಟರಿಗೆ ಸುಮಾರು ಮೂರೂವರೆ ಕಿಲೋಗ್ರಾಂ ಮಾತ್ರ.

ಫಲಕವನ್ನು ದಪ್ಪಗೊಳಿಸಿದಷ್ಟೂ ಲಾಭವೆಂಬುದು ಸರಿಯಲ್ಲ. ಅದೇ ತೊಲೆಗೆ 200 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಫಲಕ ಹಾಕಿದರೆ ಒಟ್ಟು ಎಳೆತವನ್ನು ಸರಿದೂಗಿಸಲು ಕಾಂಕ್ರೀಟಿನ ಅದುಮಲ್ಪಟ್ಟ ಭಾಗವು ತೊಲೆಯ ಪರಿಣಾಮಕಾರಿ ಆಳದ ಶೇಕಡಾ 55ರವರೆಗೆ ಇಳಿಯಬೇಕಾಗುತ್ತದೆ. ಈ ದರ್ಜೆಯ ಕಂಬಿಗೆ ಮಾನಕವು ಅನುಮತಿಸುವ ಮಿತಿ ಶೇಕಡಾ 48. ಮಿತಿ ಮೀರಿದ ತೊಲೆಯಲ್ಲಿ ಉಕ್ಕು ಹಿಗ್ಗುವ ಮೊದಲೇ ಮೇಲಿನ ಕಾಂಕ್ರೀಟು ಪುಡಿಯಾಗುತ್ತದೆ. ಬಾಗಿ, ಬಿರುಕುಬಿಟ್ಟು ಮುನ್ಸೂಚನೆ ಕೊಡಬೇಕಾದ ತೊಲೆ ಏಕಾಏಕಿ ಮುರಿಯುತ್ತದೆ. ಫಲಕದ ಅಗಲವು ದಪ್ಪದ 50 ಪಟ್ಟಿಗಿಂತ ಕಡಿಮೆ ಇರಬಾರದೆಂಬ, ಬ್ರಿಟನ್ನಿನ ಪ್ರಯೋಗಗಳಿಂದ ಬಂದ ನಿಯಮವೂ ತೆಳುವಾದ ಅಗಲ ಫಲಕವನ್ನೇ ಆರಿಸಿಕೊಳ್ಳಲು ಹೇಳುತ್ತದೆ.

### ಫಲಕ ಕಳಚಿದರೆ

ಬೆಂಕಿ, ಅತಿಯಾದ ಬಿಸಿ, ತೇವ ಅಥವಾ ಕೆಟ್ಟ ಕೆಲಸದಿಂದ ಫಲಕವು ಯಾವಾಗಲಾದರೂ ಕಳಚಬಹುದು. ಹಾಗಾದಾಗಲೂ ತೊಲೆ ಕುಸಿಯಬಾರದು ಎಂಬುದು ಈ ವಿಧಾನದ ಮೂಲಭೂತ ಸುರಕ್ಷತಾ ನಿಯಮ. ಮೇಲಿನ ಉದಾಹರಣೆಯಲ್ಲಿ ಬಲಪಡಿಸಿದ ತೊಲೆಯ ಸಾಮರ್ಥ್ಯವನ್ನು ಪೂರ್ತಿಯಾಗಿ ಬಳಸಿಕೊಂಡರೆ, ಹೊರೆಯ ಸುರಕ್ಷತಾ ಗುಣಕ 1.5ರಂತೆ, ದಿನನಿತ್ಯದ ಹೊರೆಯಿಂದ ಉಂಟಾಗುವ ಬಾಗಿಸುವ ಬಲ ಸುಮಾರು 72 ಕಿಲೋನ್ಯೂಟನ್ ಮೀಟರ್. ಫಲಕವಿಲ್ಲದ ತೊಲೆಯ ಸಾಮರ್ಥ್ಯ 77. ಅಂದರೆ ಫಲಕ ಬಿದ್ದುಹೋದರೂ ತೊಲೆ ಕಷ್ಟದಿಂದ ನಿಲ್ಲುತ್ತದೆ. ಜನರು ಹೊರಬರಲು, ಆಧಾರ ಕೊಡಲು ಅವಕಾಶ ಸಿಗುತ್ತದೆ. ಸಾಮರ್ಥ್ಯವನ್ನು ಶೇಕಡಾ 50ಕ್ಕಿಂತ ಹೆಚ್ಚು ಏರಿಸಿ ಅದನ್ನೆಲ್ಲ ಬಳಸಿಕೊಂಡಿದ್ದರೆ ಈ ಅವಕಾಶ ಉಳಿಯುವುದಿಲ್ಲ. ಆದ್ದರಿಂದ ಎಷ್ಟು ಬಲ ಸೇರಿಸಬಹುದು ಎಂಬುದನ್ನು ಫಲಕಕ್ಕಿಂತ ಹೆಚ್ಚಾಗಿ ಮೂಲ ತೊಲೆಯೇ ನಿರ್ಧರಿಸುತ್ತದೆ.

## ಅಳವಡಿಸುವ ಕ್ರಮ

ಅಂಟಿಸುವ ವೇಳೆಗೆ ತೊಲೆಯ ಮೇಲಿರುವ ಹೊರೆಯನ್ನು ಹಳೆಯ ಕಂಬಿಗಳೇ ಹೊತ್ತಿರುತ್ತವೆ. ನಂತರ ಬರುವ ಹೊರೆಯಲ್ಲಿ ಮಾತ್ರ ಫಲಕ ಪಾಲು ಪಡೆಯುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಹೊರೆ ಇಳಿಸಿ, ಜಾಕ್‌ಗಳಿಂದ ತೊಲೆಯನ್ನು ಮೇಲಕ್ಕೆ ಒತ್ತಿ ಹಿಡಿದು ಕೆಲಸ ಆರಂಭಿಸುವುದು ಉತ್ತಮ. ಕೆಲಸದ ಹಂತಗಳು ಸಾಮಾನ್ಯವಾಗಿ ಹೀಗಿರುತ್ತವೆ:

1. ಬಿರುಕುಗಳಿಗೆ ತೆಳುವಾದ ಎಪಾಕ್ಸಿಯನ್ನು ಒತ್ತಡದಿಂದ ತುಂಬಲಾಗುತ್ತದೆ. ಉದುರಿದ ಭಾಗಗಳನ್ನು ದುರಸ್ತಿ ಗಾರೆಯಿಂದ ಸರಿಪಡಿಸಿ ಮೈಯನ್ನು ಸಮಗೊಳಿಸಲಾಗುತ್ತದೆ.
2. ಗಿಲಾವು, ಬಣ್ಣ ಮತ್ತು ಸಿಮೆಂಟ್ ಹಾಲಿನ ದುರ್ಬಲ ಪದರವನ್ನು ತೆಗೆದು, ಜಲ್ಲಿಯ ಮುಖ ಕಾಣುವವರೆಗೆ ಕಾಂಕ್ರೀಟ್ ಮೈಯನ್ನು ಒರಟಾಗಿಸಲಾಗುತ್ತದೆ. ಬಳಿಕ ಧೂಳನ್ನು ಹೀರುಯಂತ್ರದಿಂದ ಅಥವಾ ಎಣ್ಣೆರಹಿತ ಗಾಳಿಯಿಂದ ತೆಗೆಯಲಾಗುತ್ತದೆ.
3. ಫಲಕದ ಅಂಟುವ ಮುಖವನ್ನು ಹರಳು ಮರಳಿನ ರಭಸದಿಂದ ಉಜ್ಜಿ ಬಿಳಿಲೋಹದ ಹೊಳಪಿಗೆ ತರಲಾಗುತ್ತದೆ. ಕೆಲವೇ ಗಂಟೆಗಳಲ್ಲಿ ತುಕ್ಕು ಮರಳುವುದರಿಂದ ಕೂಡಲೇ ಪ್ರೈಮರ್ ಬಳಿಯಬೇಕು.
4. ಒಳಗಿನ ಕಂಬಿಗಳಿಗೆ ತಾಗದಂತೆ ರಂಧ್ರ ಕೊರೆದು ಬೋಲ್ಟುಗಳನ್ನು ಕೂರಿಸಲಾಗುತ್ತದೆ.
5. ಎಪಾಕ್ಸಿಯ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಿ, ಫಲಕದ ನಡುವೆ ಹೆಚ್ಚು, ಅಂಚುಗಳಲ್ಲಿ ಕಡಿಮೆ ಇರುವಂತೆ ಮನೆಯ ಮಾಡಿನಾಕಾರದಲ್ಲಿ ಬಳಿಯಲಾಗುತ್ತದೆ. ಫಲಕವನ್ನು ಒತ್ತಿದಾಗ ಅಂಟು ನಡುವಿನಿಂದ ಅಂಚಿಗೆ ಹರಿದು ಗಾಳಿಯನ್ನು ಹೊರದೂಡುತ್ತದೆ.
6. ಬೋಲ್ಟು ಮತ್ತು ಆಧಾರದ ಕಂಬಗಳಿಂದ ಫಲಕವನ್ನು ಸಮವಾಗಿ ಒತ್ತಿ ಹಿಡಿದು, ಅಂಟಿನ ದಪ್ಪ 1ರಿಂದ 3 ಮಿ.ಮೀ. ಉಳಿಯುವಂತೆ ನೋಡಿಕೊಳ್ಳಲಾಗುತ್ತದೆ. ಅಂಚುಗಳಲ್ಲಿ ಉಕ್ಕಿಬಂದ ಅಂಟನ್ನು ಒರೆಸಿ ತೆಗೆಯಲಾಗುತ್ತದೆ.
7. ಅಂಟು ಗಟ್ಟಿಯಾದ ನಂತರ ಸಣ್ಣ ಸುತ್ತಿಗೆಯಿಂದ ಫಲಕದುದ್ದಕ್ಕೂ ತಟ್ಟಿ ನೋಡಲಾಗುತ್ತದೆ. ಟೊಳ್ಳು ಶಬ್ದ ಬಂದ ಕಡೆ ರಂಧ್ರ ಮಾಡಿ ಎಪಾಕ್ಸಿ ತುಂಬಲಾಗುತ್ತದೆ.
8. ಆಧಾರ ತೆಗೆದು, ತುಕ್ಕು ನಿರೋಧಕ ಬಣ್ಣ ಮತ್ತು ಅಗತ್ಯವಿದ್ದಲ್ಲಿ ಬೆಂಕಿ ನಿರೋಧಕ ಹೊದಿಕೆ ಕೊಡಲಾಗುತ್ತದೆ.

ಮುಗಿದ ಕೆಲಸದಲ್ಲಿ ಒಳಗಿನ ದೋಷ ಕಾಣುವುದಿಲ್ಲ. ಆದ್ದರಿಂದ ಪ್ರತಿ ಬಾರಿ ಬೆರೆಸಿದ ಅಂಟಿನ ಮಾದರಿಗಳನ್ನು ತೆಗೆದಿಟ್ಟು ಪರೀಕ್ಷಿಸುವುದು ಮತ್ತು ಬೆರೆಸಿದ ಸಮಯ, ತಾಪಮಾನಗಳನ್ನು ದಾಖಲಿಸುವುದು ಗುಣನಿಯಂತ್ರಣದ ಅಗತ್ಯ ಭಾಗ.

## ವಿಫಲವಾಗುವ ಬಗೆಗಳು

ಫಲಕ ಅಂಟಿಸಿದ ತೊಲೆ ಮುಖ್ಯವಾಗಿ ಐದು ಬಗೆಯಲ್ಲಿ ವಿಫಲವಾಗಬಹುದು.

* ಉಕ್ಕು ಹಿಗ್ಗಿ, ನಂತರ ಮೇಲಿನ ಕಾಂಕ್ರೀಟು ಪುಡಿಯಾಗುವುದು. ಇದು ಮುನ್ಸೂಚನೆ ಕೊಡುವ, ವಿನ್ಯಾಸಕಾರರು ಬಯಸುವ ಬಗೆ.
* ಉಕ್ಕು ಹಿಗ್ಗುವ ಮುನ್ನವೇ ಕಾಂಕ್ರೀಟು ಪುಡಿಯಾಗುವುದು. ಉಕ್ಕು ಅತಿಯಾದಾಗ ಹೀಗಾಗುತ್ತದೆ.
* ಫಲಕದ ತುದಿಯಲ್ಲಿ ಬಿರುಕು ಹುಟ್ಟಿ, ಕಂಬಿಗಳ ಮಟ್ಟದವರೆಗೆ ಏರಿ, ಹೊದಿಕೆಯ ಸಮೇತ ಫಲಕ ಸಿಪ್ಪೆಯಂತೆ ಸುಲಿದುಬರುವುದು.
* ತೊಲೆಯ ನಡುಭಾಗದ ಬಿರುಕೊಂದರ ಬಳಿ ಅಂಟು ಬಿಡಲಾರಂಭಿಸಿ ತುದಿಯತ್ತ ಹರಡುವುದು.
* ಆಧಾರದ ಸಮೀಪ ಕತ್ತರಿಸುವ ಬಲಕ್ಕೆ ತೊಲೆ ಓರೆಯಾಗಿ ಬಿರುಕುಬಿಡುವುದು.

ಇವುಗಳಲ್ಲಿ ತುದಿಯ ಸುಲಿತವೇ ಹೆಚ್ಚು ಅಧ್ಯಯನಕ್ಕೊಳಗಾದುದು. ಮೇಲಿನ ಉದಾಹರಣೆಯ ಫಲಕ ಪೂರ್ತಿ ಹಿಗ್ಗುವಾಗ ಅದರಲ್ಲಿರುವ ಎಳೆತ ಸುಮಾರು 112 ಕಿಲೋನ್ಯೂಟನ್. ಅದು ತೊಲೆಯ ನಡುವಿನಿಂದ ತುದಿಯವರೆಗಿನ 2 ಮೀಟರ್ ಉದ್ದದಲ್ಲಿ ಸಮವಾಗಿ ಹಂಚಿಕೆಯಾದರೆ ಅಂಟಿನ ಮೇಲಿನ ಬಲ ಚದರ ಮಿಲಿಮೀಟರಿಗೆ ಸುಮಾರು 0.4 ನ್ಯೂಟನ್ ಮಾತ್ರ. ಇದನ್ನು ಸಾಧಾರಣ ಕಾಂಕ್ರೀಟೂ ತಾಳಬಲ್ಲದು. ವಾಸ್ತವದಲ್ಲಿ ಬಲ ಸಮವಾಗಿ ಹಂಚಿಕೆಯಾಗುವುದಿಲ್ಲ. ಫಲಕ ಥಟ್ಟನೆ ಕೊನೆಗೊಳ್ಳುವ ಜಾಗದಲ್ಲಿ ಅದು ಒಟ್ಟುಗೂಡುತ್ತದೆ. ಅಲ್ಲಿಯೇ ಫಲಕವನ್ನು ತೊಲೆಯಿಂದ ದೂರ ಕೀಳುವ ಲಂಬ ಎಳೆತವೂ ಸೇರಿಕೊಳ್ಳುತ್ತದೆ. ಫಲಕ ದಪ್ಪವಾದಷ್ಟೂ, ತುದಿ ಆಧಾರದಿಂದ ದೂರವಾದಷ್ಟೂ ಈ ಎಳೆತ ತೀವ್ರವಾಗುತ್ತದೆ.

ಇದಕ್ಕೆ ಪರಿಹಾರವಾಗಿ ಫಲಕವನ್ನು ಆಧಾರದ ಸಮೀಪದವರೆಗೆ ಒಯ್ಯುವುದು, ತುದಿಯನ್ನು ತೆಳುಗೊಳಿಸುವುದು, ಬೋಲ್ಟು ಹಾಕುವುದು ಹಾಗೂ ತೊಲೆಯ ಎರಡೂ ಪಕ್ಕಗಳಿಗೆ ಮೂಲೆಪಟ್ಟಿಯಂತಹ ಫಲಕಗಳನ್ನು ಅಂಟಿಸಿ ತುದಿಯನ್ನು ತಬ್ಬಿಹಿಡಿಯುವುದು ರೂಢಿಯಲ್ಲಿವೆ. 1988ರಲ್ಲಿ ಪ್ರಕಟವಾದ ಜೋನ್ಸ್, ಸ್ವಾಮಿ ಮತ್ತು ಶರೀಫ್ ಅವರ ಅಧ್ಯಯನದಲ್ಲಿ ಬೋಲ್ಟುಗಳು ಅಂಟು ಬಿಡುವುದನ್ನು ತಡೆಯದೆ, ಫಲಕ ಪೂರ್ತಿಯಾಗಿ ಬೇರ್ಪಡುವುದನ್ನು ಮಾತ್ರ ತಡೆದವು. ಮೂಲೆಪಟ್ಟಿಯಾಕಾರದ ಬಂಧನಗಳು ಹೆಚ್ಚು ಪರಿಣಾಮಕಾರಿಯಾದವು.

ಕೆಳಮೈಯ ಫಲಕವು ಕತ್ತರಿಸುವ ಬಲವನ್ನು ತಾಳುವ ಶಕ್ತಿಯನ್ನು ಗಣನೀಯವಾಗಿ ಹೆಚ್ಚಿಸುವುದಿಲ್ಲ. ಆ ಕೆಲಸ ಮಾಡುವುದು ಒಳಗಿನ ರಿಂಗುಗಳು. ಹೊರೆ ಹೆಚ್ಚಿಸಿದಾಗ ರಿಂಗುಗಳು ಸಾಲದಿದ್ದರೆ ಪಕ್ಕಗಳಿಗೂ ಪಟ್ಟಿಗಳನ್ನು ಅಂಟಿಸಬೇಕಾಗುತ್ತದೆ.

## ಬಿಸಿ, ಬೆಂಕಿ ಮತ್ತು ತುಕ್ಕು

ಕಟ್ಟಡದ ಸ್ಥಳದಲ್ಲಿ ಬೆರೆಸಿ, ಹೊರಗಿನಿಂದ ಶಾಖ ಕೊಡದೆ ಗಟ್ಟಿಯಾಗಿಸುವ ಎಪಾಕ್ಸಿಗಳು ಸಾಮಾನ್ಯವಾಗಿ 45ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವಿನ ಯಾವುದೋ ಒಂದು ತಾಪಮಾನದಲ್ಲಿ ಗಾಜಿನಂತಹ ಗಡಸುತನ ಕಳೆದುಕೊಂಡು ರಬ್ಬರಿನಂತೆ ಮೆತ್ತಗಾಗುತ್ತವೆ. ಇದನ್ನು ಗಾಜುಸ್ಥಿತಿ ಪರಿವರ್ತನ ತಾಪಮಾನ ಎನ್ನುತ್ತಾರೆ. ತೊಲೆ ಎಂದಾದರೂ ತಲುಪಬಹುದಾದ ಗರಿಷ್ಠ ತಾಪಮಾನಕ್ಕಿಂತ ಇದು ಸಾಕಷ್ಟು ಮೇಲಿರುವ ಅಂಟನ್ನೇ ಆರಿಸಬೇಕು.

ಬೆಂಕಿ ಬಿದ್ದಾಗ ತೆಳುವಾದ, ಬಯಲಾಗಿರುವ ಉಕ್ಕು ಬೇಗನೆ ಬಿಸಿಯಾಗಿ ಅಂಟು ಕೆಲವೇ ನಿಮಿಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ನಿರೋಧಕ ಹಲಗೆ ಅಥವಾ ಗಾರೆಯ ಹೊದಿಕೆ ಈ ಅವಧಿಯನ್ನು ವಿಸ್ತರಿಸುತ್ತದೆ, ಅಪಾಯವನ್ನು ಪೂರ್ತಿಯಾಗಿ ನಿವಾರಿಸುವುದಿಲ್ಲ. ಬೋಲ್ಟುಗಳಿದ್ದರೆ ಫಲಕ ಕೆಳಗಿದ್ದವರ ಮೇಲೆ ಬೀಳುವುದಾದರೂ ತಪ್ಪುತ್ತದೆ.

ಅಂಟಿದ ಮುಖಕ್ಕೆ ನೀರು ಇಳಿದರೆ ಉಕ್ಕಿನ ಮೇಲೆ ತುಕ್ಕು ಹರಡಿ ಬಂಧನ ಸಡಿಲಗೊಳ್ಳುತ್ತದೆ. ಹೊರಗಿನ ಮುಖಕ್ಕೆ ಬಣ್ಣ ಹಚ್ಚಿದರೂ ಒಳಮುಖ ಕಾಣುವುದಿಲ್ಲ. ಆದ್ದರಿಂದ ಛಾವಣಿ ಸೋರುವ ಕಡೆ ಸೋರಿಕೆ ನಿಲ್ಲಿಸದೆ ಫಲಕ ಅಂಟಿಸುವುದು ವ್ಯರ್ಥ.

## ಕುರಕುಂಟಾ ಮತ್ತು ಸೇಡಂ ಪ್ರದೇಶದ ಸಂದರ್ಭ

ಭೀಮಾ ಜಲಾನಯನದ ಸುಣ್ಣಕಲ್ಲಿನ ನಿಕ್ಷೇಪಗಳಿಂದಾಗಿ ಕಲಬುರಗಿ ಜಿಲ್ಲೆಯ ಪೂರ್ವಭಾಗವು ಕರ್ನಾಟಕದ ಪ್ರಮುಖ ಸಿಮೆಂಟ್ ಪ್ರದೇಶವಾಗಿ ಬೆಳೆದಿದೆ. ಶಹಾಬಾದಿನಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ಸಿಮೆಂಟ್ ಉತ್ಪಾದನೆ ಇತ್ತು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಸಾರ್ವಜನಿಕ ವಲಯದ ಭಾರತೀಯ ಸಿಮೆಂಟ್ ನಿಗಮದ ಕಾರ್ಖಾನೆ 1972ರಲ್ಲಿ ಉತ್ಪಾದನೆ ಆರಂಭಿಸಿ 1998ರಲ್ಲಿ ಸ್ಥಗಿತಗೊಂಡಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು.

ಕಲ್ಲು ಪುಡಿ ಮಾಡುವ ಮನೆ, ಗಿರಣಿ, ಸುಡುವ ಗೂಡಿನ ಆಧಾರಗಳು, ಶೇಖರಣೆಯ ಗೋಪುರ, ಚೀಲ ತುಂಬುವ ಮನೆ, ಸಾಗಣೆ ಪಟ್ಟಿಯ ಸೇತುವೆ ಮತ್ತು ಸಿಬ್ಬಂದಿ ವಸತಿಗಳು ಇಂತಹ ಕಾರ್ಖಾನೆಗಳ ಸಾಮಾನ್ಯ ಕಾಂಕ್ರೀಟ್ ರಚನೆಗಳು. 1960 ಮತ್ತು 70ರ ದಶಕಗಳ ಕಟ್ಟಡಗಳನ್ನು ಪರಿಶೀಲಿಸುವಾಗ ಅಂದಿನ ಮಾನಕವಾದ ಐಎಸ್ 456:1964ನ್ನು ಗಮನದಲ್ಲಿಡಬೇಕು. ಆ ಕಾಲದಲ್ಲಿ ಎಂ15 ದರ್ಜೆಯ ಕಾಂಕ್ರೀಟು ಹಾಗೂ ಏಣಿಲ್ಲದ ನುಣುಪು ಕಂಬಿಗಳು ಸಾಮಾನ್ಯವಾಗಿದ್ದವು. ಪ್ರಬಲಿತ ಕಾಂಕ್ರೀಟಿಗೆ ಎಂ20 ಕನಿಷ್ಠ ದರ್ಜೆಯಾದುದು 2000ದ ಪರಿಷ್ಕರಣೆಯಲ್ಲಿ. ದುರ್ಬಲ ಕಾಂಕ್ರೀಟಿನ ಹೊದಿಕೆಯು ಫಲಕದ ಹಿಡಿತಕ್ಕೂ ದುರ್ಬಲ ತಳವಾಗುತ್ತದೆ. ದೀರ್ಘಕಾಲ ಬಳಕೆಯಿಲ್ಲದೆ, ಛಾವಣಿ ಸೋರುತ್ತ ನಿಂತ ರಚನೆಗಳನ್ನು ಮರುಬಳಕೆಗೆ ತರುವಾಗ ತುಕ್ಕಿನ ತಪಾಸಣೆ ಬಲಪಡಿಸುವಿಕೆಗಿಂತ ಮೊದಲು ಬರಬೇಕು.

ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೆರಳಿನ ತಾಪಮಾನವೇ 40 ಡಿಗ್ರಿ ದಾಟುವುದು ಸಾಮಾನ್ಯ. ನೇರ ಬಿಸಿಲು ಬೀಳುವ ಉಕ್ಕು, ಕಾದ ಛಾವಣಿಯ ಕೆಳಗಿನ ತೊಲೆ ಹಾಗೂ ಗೂಡಿನ ಸಮೀಪದ ರಚನೆಗಳು ಇದಕ್ಕಿಂತ ಬಹಳ ಬಿಸಿಯಾಗುತ್ತವೆ. 50 ಡಿಗ್ರಿಗೆ ಮೆತ್ತಗಾಗುವ ಅಂಟು ತಂಪು ದೇಶದಲ್ಲಿ ಸಾಕಾಗಬಹುದು, ಇಲ್ಲಿ ಸಾಲದು. ಬಿಸಿಯಲ್ಲಿ ಬೆರೆಸಿದ ಎಪಾಕ್ಸಿ ಬೇಗನೆ ಗಟ್ಟಿಯಾಗುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಬಳಸಲು ಸಿಗುವ ಸಮಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಅಥವಾ ನಸುಕಿನಲ್ಲಿ ಕೆಲಸ ಮಾಡುವುದು, ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು ಹಾಗೂ ನಿಧಾನವಾಗಿ ಗಟ್ಟಿಯಾಗುವ ಬಗೆಯನ್ನು ಆರಿಸುವುದು ಸೂಕ್ತ.

ಉಕ್ಕು ಮತ್ತು ಕಾಂಕ್ರೀಟು ಬಿಸಿಗೆ ಹಿಗ್ಗುವ ಪ್ರಮಾಣ ಬಹುಮಟ್ಟಿಗೆ ಒಂದೇ ಎಂದು ಹೇಳುವುದುಂಟು. ಸುಣ್ಣಕಲ್ಲಿನ ಜಲ್ಲಿ ಬಳಸಿದ ಕಾಂಕ್ರೀಟಿಗೆ ಇದು ಪೂರ್ತಿ ಅನ್ವಯಿಸದು. ಅದು ಉಕ್ಕಿಗಿಂತ ಕಡಿಮೆ ಹಿಗ್ಗುತ್ತದೆ. ಡಿಗ್ರಿಯೊಂದಕ್ಕೆ ದಶಲಕ್ಷದಲ್ಲಿ 4 ಭಾಗದಷ್ಟು ವ್ಯತ್ಯಾಸವಿದ್ದರೆ, 25 ಡಿಗ್ರಿ ಏರಿಳಿತಕ್ಕೆ ಫಲಕದಲ್ಲಿ ಚದರ ಮಿಲಿಮೀಟರಿಗೆ ಸುಮಾರು 20 ನ್ಯೂಟನ್ ಬಲ ಹುಟ್ಟುತ್ತದೆ. ಈ ಬಲ ಫಲಕಕ್ಕೆ ಅಲ್ಪವೇ ಆದರೂ ಪ್ರತಿದಿನ ತುದಿಯ ಅಂಟನ್ನು ಹಿಡಿದು ಜಗ್ಗುತ್ತದೆ.

ಸಿಮೆಂಟ್ ಧೂಳು ಮತ್ತೊಂದು ಸ್ಥಳೀಯ ಸಮಸ್ಯೆ. ಶುಚಿಗೊಳಿಸಿದ ಮೈಯ ಮೇಲೆ ಕೂತ ಧೂಳಿನ ಪದರ ಅಂಟನ್ನು ಕಾಂಕ್ರೀಟಿನಿಂದ ಬೇರ್ಪಡಿಸುತ್ತದೆ. ಕೆಲಸದ ಜಾಗಕ್ಕೆ ಪರದೆ ಕಟ್ಟಿ, ಅಂಟಿಸುವ ಕ್ಷಣಕ್ಕೆ ಮುನ್ನ ಮತ್ತೊಮ್ಮೆ ಧೂಳು ತೆಗೆಯಬೇಕಾಗುತ್ತದೆ. ಅಂಟು ಗಟ್ಟಿಯಾಗುವವರೆಗೆ ಅದುರಾಟ ಉಂಟುಮಾಡುವ ಯಂತ್ರಗಳನ್ನು ನಿಲ್ಲಿಸುವುದೂ ಅಗತ್ಯ.

ವಸತಿ ಕಟ್ಟಡಗಳಲ್ಲಿ ಶಹಾಬಾದ್ ಕಲ್ಲಿನ ಹಾಸು ಹೊರೆ ಹೆಚ್ಚಲು ಒಂದು ಕಾರಣ. ಹಳೆಯ ನೆಲವನ್ನು ತೆಗೆಯದೆ ಅದರ ಮೇಲೆಯೇ 25 ಮಿ.ಮೀ. ದಪ್ಪದ ಫರಸಿಯನ್ನು 50 ಮಿ.ಮೀ. ಗಾರೆಯಲ್ಲಿ ಕೂರಿಸಿದರೆ ಚದರ ಮೀಟರಿಗೆ ಸುಮಾರು 1.6 ಕಿಲೋನ್ಯೂಟನ್ ಕಾಯಂ ಹೊರೆ ಸೇರುತ್ತದೆ. ಮನೆಯ ಕೋಣೆಗೆ ಐಎಸ್ 875 ನಿಗದಿಪಡಿಸಿರುವ ಬಳಕೆಯ ಹೊರೆಯೇ 2 ಕಿಲೋನ್ಯೂಟನ್. ಇಂತಹ ಕಡೆ ಹಳೆಯ ಹಾಸನ್ನು ತೆಗೆದುಹಾಕುವುದು ತೊಲೆಗೆ ಫಲಕ ಅಂಟಿಸುವುದಕ್ಕಿಂತ ಸುಲಭದ ಪರಿಹಾರ. ಕಲ್ಲಿನ ಗೋಡೆಯ ಮೇಲೆ ಕಲ್ಲು ಹಾಸಿದ ಸಾಂಪ್ರದಾಯಿಕ ಮನೆಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಮುತ್ತ 2021ರ ಅಕ್ಟೋಬರಿನಲ್ಲಿ ಲಘು ಭೂಕಂಪನಗಳು ಸಂಭವಿಸಿದ್ದವು. ಭೂಕಂಪನದಲ್ಲಿ ಕಂಬಗಳಿಗಿಂತ ಮೊದಲು ತೊಲೆಗಳು ಮಣಿಯುವುದು ಸುರಕ್ಷಿತ. ಕಂಬಗಳನ್ನು ಪರಿಶೀಲಿಸದೆ ತೊಲೆಗಳನ್ನಷ್ಟೇ ಬಲಪಡಿಸಿದರೆ ದೌರ್ಬಲ್ಯವು ಕಂಬಗಳಿಗೆ ವರ್ಗಾವಣೆಯಾಗುವ ಸಾಧ್ಯತೆಯಿದೆ.

## ಇತರ ವಿಧಾನಗಳೊಂದಿಗೆ ಹೋಲಿಕೆ

ಇಂಗಾಲದ ಎಳೆಗಳ ಪಟ್ಟಿಗಳು ತುಕ್ಕು ಹಿಡಿಯುವುದಿಲ್ಲ, ಬಹಳ ಹಗುರ. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ 175 ಕಿಲೋಗ್ರಾಂ ಉಕ್ಕು ಬೇಕಾಗಿದ್ದ ಜಾಗದಲ್ಲಿ 6.2 ಕಿಲೋಗ್ರಾಂ ಪಟ್ಟಿ ಸಾಕಾಯಿತು. ಆದರೆ ಅವು ಉಕ್ಕಿನಂತೆ ಹಿಗ್ಗದೆ ಥಟ್ಟನೆ ಹರಿಯುತ್ತವೆ. ಬಿಸಿ ಮತ್ತು ಬೆಂಕಿಗೆ ಸಂಬಂಧಿಸಿದ ಅಂಟಿನ ಮಿತಿಗಳು ಅವಕ್ಕೂ ಅಷ್ಟೇ ಅನ್ವಯಿಸುತ್ತವೆ.

ತೊಲೆಯ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟು ತುಂಬುವ ಕವಚ ವಿಧಾನವು ಬೆಂಕಿಯನ್ನು ಉತ್ತಮವಾಗಿ ತಾಳುತ್ತದೆ. ಸ್ಥಳೀಯ ಕೆಲಸಗಾರರಿಗೆ ಪರಿಚಿತವೂ ಹೌದು. ಆದರೆ ತೊಲೆಯ ಗಾತ್ರ ಮತ್ತು ತೂಕ ಹೆಚ್ಚುತ್ತದೆ, ಸೆಂಟ್ರಿಂಗ್ ಹಾಗೂ ಕ್ಯೂರಿಂಗ್‌ಗೆ ಸಮಯ ಹಿಡಿಯುತ್ತದೆ. ತೊಲೆಯ ಕೆಳಗೆ ಉಕ್ಕಿನ ಗರ್ಡರ್ ಅಥವಾ ಹೊಸ ಕಂಬ ಕೊಡುವುದು ಅಂಟನ್ನು ಅವಲಂಬಿಸದ ಸರಳ ಕ್ರಮ. ತಲೆಯೆತ್ತರದ ಜಾಗ ಬಿಟ್ಟುಕೊಡಲು ಸಾಧ್ಯವಿದ್ದಲ್ಲಿ ಇದು ಹೆಚ್ಚು ವಿಶ್ವಾಸಾರ್ಹ.

## ಮಾನಕಗಳು ಮತ್ತು ನಿರ್ವಹಣೆ

ಭಾರತದಲ್ಲಿ ಕಾಂಕ್ರೀಟ್ ಸೇತುವೆಗಳ ದುರಸ್ತಿ ಮತ್ತು ಬಲಪಡಿಸುವಿಕೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:ಎಸ್‌ಪಿ:40 ಮಾರ್ಗಸೂಚಿ, ಭೂಕಂಪನದ ದೃಷ್ಟಿಯಿಂದ ಹಳೆಯ ಕಾಂಕ್ರೀಟ್ ಕಟ್ಟಡಗಳ ಮೌಲ್ಯಮಾಪನ ಮತ್ತು ಬಲಪಡಿಸುವಿಕೆಗೆ ಐಎಸ್ 15988:2013 ಬಳಕೆಯಲ್ಲಿವೆ. ತೊಲೆಯ ಮೂಲ ಸಾಮರ್ಥ್ಯದ ಲೆಕ್ಕಕ್ಕೆ ಐಎಸ್ 456 ಆಧಾರ.

ಫಲಕ ಅಂಟಿಸಿದ ತೊಲೆಗಳನ್ನು ನಿಯತವಾಗಿ ತಟ್ಟಿ ನೋಡಿ ಟೊಳ್ಳು ಪತ್ತೆಹಚ್ಚುವುದು, ಅಂಚುಗಳಲ್ಲಿ ತುಕ್ಕಿನ ಕಲೆ ಹಾಗೂ ತುದಿಗಳಲ್ಲಿ ಹೊಸ ಬಿರುಕುಗಳಿವೆಯೇ ಎಂದು ಪರಿಶೀಲಿಸುವುದು, ಬಣ್ಣವನ್ನು ನವೀಕರಿಸುವುದು ನಿರ್ವಹಣೆಯ ಭಾಗಗಳು. ಫಲಕದ ಹತ್ತಿರ ಬೆಸುಗೆ ಹಾಕುವುದಾಗಲಿ, ಪೈಪು ತೂಗುಹಾಕಲು ಫಲಕವನ್ನು ಕೊರೆಯುವುದಾಗಲಿ ಕೂಡದು. ಬೆಸುಗೆಯ ಶಾಖವೇ ಅಂಟನ್ನು ಕೆಡಿಸಬಲ್ಲದು. ಗಿಲಾವು ಅಥವಾ ಬಣ್ಣದ ಹಿಂದೆ ಮರೆಯಾದ ಫಲಕವನ್ನು ಮುಂದಿನ ಬಳಕೆದಾರರು ತಿಳಿಯುವಂತೆ ಕಟ್ಟಡದ ದಾಖಲೆಯಲ್ಲಿ ಅದರ ಸ್ಥಾನ, ಅಳತೆ, ಅಂಟಿನ ಬಗೆ, ಅಂಟಿಸಿದ ದಿನಾಂಕ ಹಾಗೂ ಅನುಮತಿಸಿದ ಹೊರೆಯನ್ನು ಬರೆದಿಡಲಾಗುತ್ತದೆ.

## ಇವನ್ನೂ ನೋಡಿ

* ಪ್ರಬಲಿತ ಕಾಂಕ್ರೀಟು
* ಎಪಾಕ್ಸಿ
* ಸಿಮೆಂಟ್
* ಶಹಾಬಾದ್ ಕಲ್ಲು
* ಕುರಕುಂಟಾ
* ಸೇಡಂ